ತವುಡಿನಲ್ಲಿ ನಾರೂ ಇದೆ, ಆರ್ಸೆನಿಕ್ಕೂ ಇದೆ

ಪಾಲಿಶ್ ಮಾಡದ ಅಕ್ಕಿ ತಿಂದರೆ ಮೈಯಲ್ಲಿರುವ ವಿಷವೆಲ್ಲ ತೊಳೆದುಹೋಗುತ್ತದೆ ಎಂಬ ವಾಟ್ಸಾಪ್ ಮಾತನ್ನು ಅರ್ಧ ನಂಬಬಹುದು. ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕದಂಥ, ಕೊಬ್ಬಿನಲ್ಲಿ ಕರಗುವ ವಿಷಗಳು ಪಿತ್ತರಸದ ಜೊತೆ ಕರುಳಿಗಿಳಿದು ಮತ್ತೆ ರಕ್ತ ಸೇರುತ್ತವೆ. ತವುಡಿನ ನಾರು ಅವುಗಳಲ್ಲಿ ಒಂದಿಷ್ಟನ್ನು ಹಿಡಿದು ಹೊರಗೆ ಸಾಗಿಸುತ್ತದೆ. 1968ರಲ್ಲಿ ಜಪಾನಿನಲ್ಲಿ ಪಿಸಿಬಿ ಬೆರೆತ ತವುಡೆಣ್ಣೆಯಿಂದ ಸಾವಿರಕ್ಕೂ ಹೆಚ್ಚು ಜನ ಯುಶೋ ಕಾಯಿಲೆಗೆ ಬಿದ್ದರು. ಮುಂದೆ ಅವರಿಗೆ ಕೊಟ್ಟು ನೋಡಿದ್ದರಲ್ಲಿ ಅಕ್ಕಿ ತವುಡಿನ ನಾರೂ ಇತ್ತು!

ನಂಬಬಾರದ ಇನ್ನರ್ಧ ಆರ್ಸೆನಿಕ್ ಎಂಬ ವಿಷದ್ದು. ನೀರು ನಿಂತ ಗದ್ದೆಯಲ್ಲಿ ಆಮ್ಲಜನಕ ಸಿಗದೆ ಮಣ್ಣಿನ ಆರ್ಸೆನಿಕ್ ಸಡಿಲಗೊಳ್ಳುತ್ತದೆ. ಭತ್ತದ ಬೇರು ಸಿಲಿಕಾನ್ ಎಳೆಯುವ ದಾರಿಯಲ್ಲೇ ಅದನ್ನೂ ಎಳೆದುಕೊಳ್ಳುತ್ತದೆ. ಕಾಳಿನಲ್ಲಿ ಅದು ಹೆಚ್ಚು ಕೂರುವುದು ತವುಡಿನ ಪದರದಲ್ಲಿ. ಹಾಗಾಗಿ ಬಿಳಿ ಅಕ್ಕಿಗಿಂತ ಪಾಲಿಶ್ ಮಾಡದ್ದರಲ್ಲೇ ಜಾಸ್ತಿ. ಬರೀ ತೊಳೆದರೆ ಹೋಗುವುದು ಅಲ್ಪ.

ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಮೊದಲೇ ಕುದಿಸಿ. ಅಕ್ಕಿ ಹಾಕಿ ಐದು ನಿಮಿಷ ಬೇಯಿಸಿ, ಆ ನೀರು ಪೂರ್ತಿ ಬಸಿದು ಚೆಲ್ಲಿ. ಎರಡು ಲೋಟ ಹೊಸ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಇಂಗುವವರೆಗೆ ಬೇಯಿಸಿ. ಶೆಫೀಲ್ಡ್ ವಿಶ್ವವಿದ್ಯಾಲಯದವರು ಈ ಕ್ರಮ ಪರೀಕ್ಷಿಸಿದಾಗ ಪಾಲಿಶ್ ಮಾಡದ ಅಕ್ಕಿಯಿಂದ ಅರ್ಧಕ್ಕಿಂತ ಹೆಚ್ಚು, ಬಿಳಿ ಅಕ್ಕಿಯಿಂದ ಶೇ. 74ರಷ್ಟು ಆರ್ಸೆನಿಕ್ ಹೋಗಿತ್ತು. ನೇರ ಕುಕ್ಕರಿಗೆ ಹಾಕಿದರೆ ಅದಕ್ಕೆ ಹೊರಬೀಳಲು ದಾರಿಯೇ ಇಲ್ಲ. ಬಸಿದ ಗಂಜಿ ಕುಡಿದರೂ ಅಷ್ಟೇ, ಚೆಲ್ಲಬೇಕಾದ್ದು ಹೊಟ್ಟೆಗೇ ಹೋಯಿತು. ಬೋರ್‌ವೆಲ್ ನೀರಿನಲ್ಲೇ ಆರ್ಸೆನಿಕ್ ಇರುವ ಕಡೆ ಈ ಉಪಾಯ ತಿರುಗುಬಾಣ. ಕುದಿಸಿದರೆ ನೀರು ಆವಿಯಾಗುತ್ತದೆ, ಆರ್ಸೆನಿಕ್ ಅಲ್ಲೇ ಉಳಿಯುತ್ತದೆ.

ದಿನಾ ಮೂರು ಹೊತ್ತು ಕೆಂಪಕ್ಕಿ ಉಣ್ಣುವ ಬದಲು ಒಂದು ಹೊತ್ತು ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ ಇರಲಿ. ಇವು ನೀರು ನಿಲ್ಲದ ಹೊಲದ ಬೆಳೆ, ಆರ್ಸೆನಿಕ್ ಕಡಿಮೆ. ರಾಗಿಯ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಊಟದಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಸಾಲದಿದ್ದರೆ ಕರುಳು ಇನ್ನೊಂದು ವಿಷವಾದ ಸೀಸವನ್ನು ಹೆಚ್ಚು ಹೀರುತ್ತದೆ. ಹಸಿದ ಹೊಟ್ಟೆಯಲ್ಲಿ ಇನ್ನೂ ಹೆಚ್ಚು. ಮಕ್ಕಳು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಡಬಾರದು ಎನ್ನಲು ಇದೂ ಒಂದು ಕಾರಣ. ಆದರೆ ರಾಗಿಯಲ್ಲಿ ಸಹಜವಾಗಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನೂ ಮೈಗೆ ಹತ್ತದಂತೆ ಕಟ್ಟಿಹಾಕುತ್ತದೆ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ. ಕಬ್ಬಿಣ ಮೈಗೆ ಹತ್ತಲು ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯೋ ಇರಲಿ.

ಒಣಗಿಸುವಾಗ ಅವಸರ ಬೇಡ. ತೇವ ಉಳಿದ ಕಾಳು ಡಬ್ಬಿ ಸೇರಿದರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಮುಗ್ಗಲು ವಾಸನೆ ಬಂದದ್ದನ್ನು ದನಕ್ಕೂ ಹಾಕಬೇಡಿ, ಆ ವಿಷ ಹಾಲಿಗಿಳಿಯುತ್ತದೆ.