ದುಡ್ಡು ಕೊಟ್ಟು ಲೂಟಿ

ಇಂಗ್ಲಿಷಿನಲ್ಲಿ ಕಳ್ಳತನಕ್ಕೂ ಅಗ್ಗದ ಬೆಲೆಗೂ ಅದೇನು ನಂಟೋ! ಕಡಿಮೆಗೆ ಸಿಕ್ಕಿದರೆ 'ಇಟ್ಸ್ ಎ ಸ್ಟೀಲ್', ಅಂದರೆ ಕದ್ದಷ್ಟು ಅಗ್ಗ. ಅಂಗಡಿಯಲ್ಲಿ ಕದ್ದರೆ ಅಮೆರಿಕದವರ ಬಾಯಲ್ಲಿ ಅದು 'ಫೈವ್ ಫಿಂಗರ್ ಡಿಸ್ಕೌಂಟ್'. ಐದು ಬೆರಳಿನ ರಿಯಾಯಿತಿ! ನನಗೆ ಜಾಸ್ತಿ ಇಷ್ಟ ಬ್ರಿಟಿಷರದ್ದು. ಎಲ್ಲಿಂದ ಬಂತು ಅಂತ ಕೇಳಬಾರದ ಅಗ್ಗದ ಮಾಲು 'ಲಾರಿ ಹಿಂದಿನಿಂದ ಬಿದ್ದದ್ದು'. ಮಾರುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಸುಮ್ನೆ ಒಂದು ಮರ್ಯಾದೆ, ಅಷ್ಟೇ.

'ಲೂಟ್' ಅನ್ನೋ ಪದವನ್ನಂತೂ ಅವರು ಹಿಂದಿಯಿಂದಲೇ ಒಯ್ದರು. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿ ಈಗಲೂ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿದೆ.

ಈಗ ಆನ್‌ಲೈನ್ ಸೇಲ್ ಬಂದರೆ ನಮ್ಮ ಗ್ರೂಪುಗಳಲ್ಲೂ 'ಲೂಟ್ ಡೀಲ್' ಅಂತ ಮೆಸೇಜುಗಳ ಸುರಿಮಳೆ. ನಾನೂ ಹಾಗೇ ಒಂದು ಮಿಕ್ಸಿ ಲೂಟಿ ಮಾಡಿದೆ. ಇಎಂಐ ಇನ್ನೂ ಕಟ್ಟುತ್ತಿದ್ದೇನೆ.