ಬೋರ್ಡು ಬದಲಾಗದ ಮನೆ

ಅಪ್ಪನ ಅರವತ್ತರ ಶಾಂತಿಯ ವಿಡಿಯೋ 7 ಜಿಬಿ ಇತ್ತು. ಭಾವ ಸಂಜೆಯ ಬಸ್ಸಿಗೆ ಹೊರಟಿದ್ದರು. ನನ್ನ ಹಳೇ ಹಾರ್ಡ್ ಡಿಸ್ಕಿಗೆ ಹಾಕಿ ಡಿಸ್ಕ್ ಸಮೇತ ಕೊಟ್ಟುಬಿಡೋಣ ಅಂದುಕೊಂಡೆ. ನನ್ನ ಲ್ಯಾಪ್‌ಟಾಪಿನದು ಉಬುಂಟು ಅನ್ನೋ ಲಿನಕ್ಸ್, ಅವರದು ವಿಂಡೋಸ್. ಡಿಸ್ಕ್ ಇದ್ದದ್ದು ಇಎಕ್ಸ್‌ಟಿ4ನಲ್ಲಿ, ಅಂದರೆ ಲಿನಕ್ಸ್ ಫೈಲುಗಳನ್ನು ಜೋಡಿಸಿಡುವ ಕ್ರಮದಲ್ಲಿ. ವಿಂಡೋಸ್ ಅದನ್ನು ತಾನಾಗಿ ಓದುವುದಿಲ್ಲ.

ಫ್ಯಾಟ್32 ಅನ್ನೋ ಹಳೇ ಕ್ರಮ ಎಲ್ಲ ಕಡೆ ನಡೆಯುತ್ತೆ ಅಲ್ವಾ ಅಂತ ಅದಕ್ಕೇ ಫಾರ್ಮ್ಯಾಟ್ ಮಾಡಿದೆ. ಕಾಪಿ 4 ಜಿಬಿಗೆ ಬಂದು ನಿಂತಿತು. ಫೈಲ್ ಜಾಸ್ತಿ ದೊಡ್ಡದಂತೆ! ಫ್ಯಾಟ್32ರಲ್ಲಿ ಫೈಲಿನ ಗಾತ್ರ ಬರೆದಿಡಲು ಇರುವುದೇ 32 ಬಿಟ್, 4 ಜಿಬಿ ಮುಟ್ಟುವ ಹಾಗೇ ಇಲ್ಲ. ಗೊತ್ತಿದ್ದೂ ಮರೆತಿದ್ದೆ.

ಉಳಿದದ್ದು ಎಕ್ಸ್‌ಫ್ಯಾಟ್, ಅದಕ್ಕೆ ಈ 4 ಜಿಬಿಯ ತಡೆ ಇಲ್ಲ. ಮೈಕ್ರೋಸಾಫ್ಟ್ ಅದನ್ನು ತಂದದ್ದು 2006ರಲ್ಲಿ, ವಿವರ ಎಲ್ಲರಿಗೂ ಬಿಚ್ಚಿಟ್ಟಿದ್ದು 2019ರಲ್ಲಿ. ಈಗಿನ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಅದು ಇದೆ. ಫಾರ್ಮ್ಯಾಟ್ ಮಾಡಲು ಎಕ್ಸ್‌ಫ್ಯಾಟ್‌ಪ್ರೋಗ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಂಡರೆ ಸಾಕು.

ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮ್ಯಾಂಡ್ ಕೊಟ್ಟು ನೋಡಿದೆ. ಎಸ್‌ಡಿಎ ನನ್ನ ಲ್ಯಾಪ್‌ಟಾಪಿನದು, ಎಸ್‌ಡಿಬಿ ಹೊರಗಿನದು. ಒಂದಕ್ಷರ ತಪ್ಪಿದರೆ ನನ್ನದೇ ಸಂಸಾರ ಸಾಫ್. ಮತ್ತೊಮ್ಮೆ ನೋಡಿಯೇ ಫಾರ್ಮ್ಯಾಟಿಗೆ ಎಂಟರ್ ಒತ್ತಿದ್ದು. ವಿಡಿಯೋ ಪೂರ್ತಿ ಕಾಪಿಯಾಯಿತು. ಅನ್‌ಮೌಂಟ್ ಮಾಡಿ ಭಾವನ ಕೈಗಿತ್ತೆ.

ಅವರ ಲ್ಯಾಪ್‌ಟಾಪಿಗೆ ಚುಚ್ಚಿದಾಗ 'ಟಣ್' ಅಂತ ಸದ್ದು ಬಂತು, ಅಷ್ಟೇ.

"ಏನಪ್ಪಾ, ಸದ್ದು ಮಾತ್ರ ಮಾಡುತ್ತೆ, ಡಿಸ್ಕೇ ಕಾಣಲ್ಲ?"

"ಒಂದ್ನಿಮಿಷ ಭಾವ, ಇಲ್ಲಿ ಕೊಡಿ" ಅಂದೆ. ಒಳಗೊಳಗೇ ಬೆವರು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಮಾಡಿದ ಭಾಗ, ಇದೆ; ಅದಕ್ಕೆ ಡಿ, ಇ ಅನ್ನೋ ಥರದ ಡ್ರೈವ್ ಅಕ್ಷರ ಮಾತ್ರ ಸಿಕ್ಕಿಲ್ಲ. ಆಗ ಹೊಳೆಯಿತು. ನಾನು ಫಾರ್ಮ್ಯಾಟ್ ಮಾಡಿದ್ದು ಪಾರ್ಟಿಷನ್ನಿನ ಒಳಗನ್ನು. ಅದು ಯಾವ ಬಗೆಯದು ಅಂತ ಡಿಸ್ಕಿನ ಶುರುವಿನಲ್ಲಿ, ಪಾರ್ಟಿಷನ್ ಪಟ್ಟಿಯಲ್ಲಿ, ಬೇರೆಯೇ ಬರೆದಿರುತ್ತದೆ. ಅಲ್ಲಿ ಇನ್ನೂ 83, ಅಂದರೆ ಲಿನಕ್ಸ್. ಮನೆಗೆ ಹೊಸಬರು ಬಂದು ಹಾಲು ಉಕ್ಕಿಸಿದ್ದಾರೆ, ಬಾಗಿಲಲ್ಲಿ ಹಳೇ ಬಾಡಿಗೆಯವರ ಬೋರ್ಡೇ ಇದೆ. ವಿಂಡೋಸ್ ಬೋರ್ಡು ಓದಿ ವಾಪಸ್ ಹೋಗಿದೆ. ಫಾರ್ಮ್ಯಾಟ್ ಮಾಡುವ ಎಮ್‌ಕೆಎಫ್‌ಎಸ್ ಕಮ್ಯಾಂಡ್ ತಾನೇ ಅದನ್ನೂ ಬದಲಿಸುತ್ತೆ ಅಂತ ಇಷ್ಟು ವರ್ಷ ಸುಮ್ನೆ ನಂಬಿಕೊಂಡಿದ್ದೆ.

ಡಿಸ್ಕನ್ನು ಮತ್ತೆ ನನ್ನ ಲ್ಯಾಪ್‌ಟಾಪಿಗೆ ಹಾಕಿ, ಪಾರ್ಟಿಷನ್ ಪಟ್ಟಿ ತಿದ್ದುವ ಎಫ್‌ಡಿಸ್ಕ್ ತೆರೆದೆ. ಬಗೆ ಬದಲಿಸಲು 'ಟಿ' ಒತ್ತಿ, ಎಕ್ಸ್‌ಫ್ಯಾಟ್‌ಗೆ ಹೊಂದುವ 7 ಕೊಟ್ಟೆ, 'ಡಬ್ಲ್ಯೂ' ಒತ್ತಿ ಉಳಿಸಿದೆ. ಬದಲಾದದ್ದು ಒಂದೇ ಬೈಟ್, ವಿಡಿಯೋ ಇದ್ದಲ್ಲೇ ಇತ್ತು.

ಈ ಸಲ 'ಟಣ್' ಜೊತೆಗೆ ಡ್ರೈವೂ ಬಂತು. ಭಾವ ಹೋಮ, ಆರತಿ ಎಲ್ಲ ಓಡಿಸಿ ನೇರ ಊಟದ ಪಂಕ್ತಿಗೆ ಹೋದರು. ಹೋಳಿಗೆ ಬಡಿಸುವವನು ತಮ್ಮನ್ನು ದಾಟಿ ಹೋದದ್ದನ್ನು ಎರಡು ಸಲ ಹಾಕಿ ಅಕ್ಕನಿಗೆ ತೋರಿಸಿದರು.