ಮೋರಾ ಲಾಂಚ್ ಹತ್ತೋ ಮುಂಚೆ ಹುಣ್ಣಿಮೆ ಯಾವತ್ತು ಅಂತ ನೋಡ್ಕೊಳ್ಳಿ

ಮುಂಬೈಲಿ ಎಲಿಫೆಂಟಾ ದ್ವೀಪಕ್ಕೆ ಅಂತ ಪ್ಲಾನ್ ಮಾಡಿದ್ದು, ಸೋಮವಾರ ಗುಹೆ ಮುಚ್ಚಿರತ್ತೆ ಅನ್ನೋದು ಹಿಂದಿನ ರಾತ್ರಿ ಡೊಂಬಿವಲಿ ಮಾವ ಹೇಳೋವರೆಗೂ ಗೊತ್ತಿರ್ಲಿಲ್ಲ. "ಗೇಟ್‌ವೇ ಕಡೆ ಹೋಗ್ಬೇಡ ಮಾರಾಯ, ಭಾವುಚಾ ಧಕ್ಕಾದಿಂದ ಮೋರಾ ಲಾಂಚ್ ಹತ್ತು, ಅದೇ ಸಮುದ್ರ, ಅದೇ ಗುಡ್ಡ" ಅಂದ್ರು. ಮೋರಾ ಅಂದ್ರೆ ಸಮುದ್ರದ ಆಚೆ ದಡದಲ್ಲಿ ಉರಣ್ ಊರಿನ ಜೆಟ್ಟಿ, ಲಾಂಚ್ ಅಂದ್ರೆ ಅಲ್ಲಿಗೆ ಜನರನ್ನ ಕರ್ಕೊಂಡು ಹೋಗೋ ದೋಣಿ.

ಲೋಕಲ್ ಟ್ರೈನಿನ ಹಾರ್ಬರ್ ಲೈನಲ್ಲಿ ಡಾಕ್‌ಯಾರ್ಡ್ ರೋಡ್ ಸ್ಟೇಷನ್ ಇಳಿದು ಧಕ್ಕಾಗೆ ನಡ್ಕೊಂಡೇ ಹೋಗ್ಬೋದು. ನನ್ನ ಕೈಲಿ ಬ್ಯಾಗ್ ನೋಡಿ ಟ್ಯಾಕ್ಸಿಯವನು ಇನ್ನೂರು ಕೇಳ್ದ, ನಾನೂ ಕೊಟ್ಟೆ, ಲಾಂಚ್ ಟಿಕೆಟ್ಟೇ ಅದಕ್ಕಿಂತ ಎಷ್ಟೋ ಕಮ್ಮಿ ಅಂತ ಆಮೇಲೆ ಗೊತ್ತಾಗಿ ಹೊಟ್ಟೆ ಉರೀತು. ಧಕ್ಕಾ ತುಂಬಾ ಮೀನಿನ ವಾಸನೆ, ನೆಲ ಒದ್ದೆ, ಹೊಸ ಶೂ ಹಾಕ್ಕೊಂಡು ಹೋಗ್ಬೇಡಿ.

ಮರದ ಲಾಂಚು, ಒಂದು ಗಂಟೆಯೊಳಗಿನ ದಾರಿ. ಉರಣ್ ಕಡೆ ದಿನಾ ಓಡಾಡೋರು ಕೂತ ತಕ್ಷಣ ನಿದ್ದೆ ಹೊಡೀತಾರೆ, ಹಾಗಾಗಿ ಕಿಟಕಿ ಪಕ್ಕ ಜಾಗ ಕೇಳಿದ್ರೆ ಬಿಟ್ಕೊಡ್ತಾರೆ. ಹೋಗೋವಾಗ ಎಡಗಡೆ ಕೂತ್ಕೊಳ್ಳಿ, ತೈಲದ ಟ್ಯಾಂಕ್‌ಗಳಿರೋ ಬುಚರ್ ಐಲ್ಯಾಂಡು, ಅದರಾಚೆ ಎಲಿಫೆಂಟಾ ಗುಡ್ಡ ಎಲ್ಲಾ ಆ ಕಡೆನೇ. ಲಂಗರು ಹಾಕಿರೋ ಹಡಗುಗಳ ಪಕ್ಕದಲ್ಲೇ ನಮ್ಮ ಲಾಂಚ್ ಹೋಗೋವಾಗ ಅದು ಬೆಂಕಿಪೊಟ್ಟಣ ಥರ ಅನ್ಸತ್ತೆ. ಸೆಲ್ಫಿ ಗಲಾಟೆ ಇಲ್ಲ, ಮೈಕಲ್ಲಿ ಬಡ್ಕೊಳ್ಳೋ ಗೈಡ್ ಇಲ್ಲ, ನನಗೆ ಇದಕ್ಕಿಂತ ಇನ್ನೇನು ಬೇಕು.

ಮೋರಾದಿಂದ ಶೇರ್ ಆಟೋದಲ್ಲಿ ಉರಣ್. ಪೀರ್‌ವಾಡಿ ಬೀಚ್ ಇದೆ, ಹೋದೆ ಬಂದೆ ಅಷ್ಟೇ. ಊಟದ ವಿಷ್ಯ ಹೇಳ್ತೀನಿ. ಮಾರ್ಕೆಟ್ ಹತ್ರ ಒಂದು ಮನೆ ಥರದ ಖಾನಾವಳಿ, ನಾಲ್ಕೇ ಟೇಬಲ್ಲು, ಅಲ್ಲಿನ ಆಗ್ರಿ ಸಮುದಾಯದ ಹೆಂಗಸರು ನಡೆಸೋದು. ಅಕ್ಕಿ ಭಾಕರಿ ನಮ್ಮ ಅಕ್ಕಿ ರೊಟ್ಟಿಯ ದೊಡ್ಡಪ್ಪನ ಮಗ ಅನ್ನಿ, ಈರುಳ್ಳಿ ಗೀರುಳ್ಳಿ ಏನೂ ಇಲ್ಲ, ಬರೀ ಹಿಟ್ಟು, ಕೈಯಲ್ಲೇ ತಟ್ಟಿ ಕಾವಲಿಯಿಂದ ಸೀದಾ ತಟ್ಟೆಗೆ. ಜೊತೆಗೆ ರವೆ ಹಚ್ಚಿ ಕರಿದ ಬೊಂಬಿಲ್ ಮೀನು, ಹೊರಗೆ ಗರಿಗರಿ ಒಳಗೆ ಬೆಣ್ಣೆ, ಕೆಂಪು ಸಾರು, ಕೊನೆಗೆ ಪುನರ್ಪುಳಿಯ ಸೋಲ್‌ಕಢಿ. ಎರಡು ಸಲ ಸಾರು ಹಾಕಿಸ್ಕೊಂಡೆ, ಅವರು ಲೆಕ್ಕ ಇಡ್ಲಿಲ್ಲ. ಸಸ್ಯಾಹಾರಿಗಳು ಕ್ಷಮಿಸಿ, ಆ ಕಡೆ ನೋಡಿಲ್ಲ.

ಸಂಜೆ ಐದಕ್ಕೆ ಮೋರಾಕ್ಕೆ ವಾಪಸ್ ಬಂದ್ರೆ ಲಾಂಚೇ ಇಲ್ಲ! ಜೆಟ್ಟಿ ಪಕ್ಕ ಬರೀ ಕೆಸರು. ಅಲ್ಲಿ ಹೂಳು ತುಂಬಿರೋದ್ರಿಂದ ನೀರು ಇಳಿದಾಗ ಲಾಂಚ್ ದಡಕ್ಕೆ ಬರಕ್ಕಾಗಲ್ಲ, ನೀರಿನ ಆ ಇಳಿತಕ್ಕೆ ಮರಾಠಿಲಿ ಓಹೋಟಿ ಅಂತಾರೆ. ಬೋರ್ಡಲ್ಲಿ ಬರೆದಿತ್ತಂತೆ, ನಾನು ನೋಡಿದ್ದು ಟೈಮಿಂಗ್ ಅಷ್ಟೇ. ಅಮಾವಾಸ್ಯೆ ಹುಣ್ಣಿಮೆಗೆ ನೀರು ತುಂಬಾ ಕೆಳಗೆ ಹೋಗತ್ತೆ, ಮುಂಬೈಲಿ ಆ ದಿನಗಳಲ್ಲಿ ಇಳಿತ ಬರೋದು ಸರಿಯಾಗಿ ಬೆಳಗಿನ ಜಾವ, ಮತ್ತೆ ಸಂಜೆ. ಅವತ್ತು ಹುಣ್ಣಿಮೆ. ಟಿಕೆಟ್ ತಗೊಳ್ಳೋವಾಗ್ಲೇ "ಪರತ್ ಲಾಂಚ್ ಕಿತೀ ವಾಜತಾ, ಓಹೋಟಿ ಆಹೇ ಕಾ" (ವಾಪಸ್ ಲಾಂಚ್ ಎಷ್ಟು ಗಂಟೆಗೆ, ಇಳಿತ ಇದ್ಯಾ) ಅಂತ ಕೇಳಿಬಿಡಿ.

ಕೆಸರು ನೋಡ್ತಾ ಕೂರೋದು ಬೇಡ. 2024ರ ಜನವರಿಯಿಂದ ಉರಣ್‌ಗೆ ಲೋಕಲ್ ಇದೆ, ಆಟೋದಲ್ಲಿ ಸ್ಟೇಷನ್‌ಗೆ ಬಂದು ನೆರೂಳ್, ಅಲ್ಲಿಂದ ಥಾಣೆ, ಮತ್ತೆ ಡೊಂಬಿವಲಿ. ಥಾಣೆಲಿ ಆ ಹೊತ್ತಿನ ರಶ್ಶು ಬಗ್ಗೆ ಮಾತೇ ಬೇಡ, ಮಾವನಿಗೆ ಅಂತ ಕಟ್ಟಿಸ್ಕೊಂಡು ಬಂದಿದ್ದ ಬೊಂಬಿಲ್ ಚಟ್ನಿಯಾಗಿತ್ತು.